ಪಾತಾಳದವರೆಗೂ ಸಿಗ್ನಲ್

ಮಾರ್ಚ್ ೩, ಸೋಮವಾರ

ಮುಂದೆ ಇತಿಹಾಸಕಾರರು ತಡಕಾಡಬಾರದೆಂದು ಈಗಲೇ ದಾಖಲಿಸುತ್ತಿದ್ದೇನೆ: ಇಂದು ಬೆಳಿಗ್ಗೆ ನಾನು ಒಂದು ಸೂಟ್‌ಕೇಸು, ನನ್ನದೇ ದಿಂಬು ಮತ್ತು ಅಮ್ಮನ ಲೆಕ್ಕವಿಲ್ಲದಷ್ಟು ಎಚ್ಚರಿಕೆಗಳ ಸಮೇತ ಅಕ್ಕನ ಮನೆಯ ಆಡಳಿತ ವಹಿಸಿಕೊಂಡೆ. ಅಕ್ಕನಿಗೆ ದಿನ ತುಂಬುತ್ತಿದೆ. ಏಪ್ರಿಲ್ ಮೊದಲ ವಾರ ಎಂದಿದ್ದಾರೆ ಡಾಕ್ಟರು. ಅಲ್ಲಿಯವರೆಗೆ ಎಡಮಗ್ಗುಲಲ್ಲಿ ಮಲಗಬೇಕು, ಭಾರ ಎತ್ತಬಾರದು, ಸಿಟ್ಟು ಮಾಡಿಕೊಳ್ಳಬಾರದು. ಮೊದಲೆರಡನ್ನು ಅಕ್ಕ ಪಾಲಿಸುತ್ತಿದ್ದಾಳೆ. ಮೂರನೆಯದಕ್ಕೆ ಭಾವ ಬಿಡುತ್ತಿಲ್ಲ.

ಅಪ್ಪನ ಮೊಣಕಾಲಿನ ಆಪರೇಷನ್ ಆಗಿರುವುದರಿಂದ ಅಮ್ಮ ಬರುವ ಹಾಗಿಲ್ಲ. ಪರೀಕ್ಷೆ ಮುಗಿಸಿ ಮನೆಯಲ್ಲಿ ಬಿದ್ದುಕೊಂಡಿದ್ದವಳು ನಾನೊಬ್ಬಳೇ. "ಬೆಂಕಿ ಆರಿಸೋಕೆ ಸೀಮೆಎಣ್ಣೆ ಕಳಿಸಿದಾಳೆ ಅಮ್ಮ" ಎಂದು ಅಕ್ಕ ಬಾಗಿಲಲ್ಲೇ ಸ್ವಾಗತ ಭಾಷಣ ಮಾಡಿದಳು.

ಭಾವ ಲಿಫ್ಟ್ ಮೆಕ್ಯಾನಿಕ್. ದಿನದ ಬಹುಪಾಲು ಲಿಫ್ಟ್ ಓಡಾಡುವ ಬಾವಿಯಂಥ ಸುರಂಗದಲ್ಲಿ, ಅದರ ತಳದ ಗುಂಡಿಯಲ್ಲಿ ಇರುತ್ತಾರೆ. ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಹೊರಗೆ ಬಂದರೂ ಅವರ ಫೋನು ಸಿಗುತ್ತದೆ ಎಂಬ ಭರವಸೆಯಿಲ್ಲ, ಏಕೆಂದರೆ ಅದು ಆ ಕಂಪನಿಯ ಹಳೇ ಮಾದರಿ, 'ಏಳು'. ಈಗ ಜಗತ್ತು 'ಹತ್ತು' ಹಿಡಿದು ಓಡಾಡುತ್ತಿದೆ. ಭಾವನ ಏಳಕ್ಕೆ ಮೈತುಂಬ ಬಿರುಕು, ಸೊಂಟಕ್ಕೆ ರಬ್ಬರ್ ಬ್ಯಾಂಡ್. ಕರೆ ಬಂದಾಗ ಬೆನ್ನಿಗೊಂದು ಗುದ್ದು ಕೊಟ್ಟರೆ ಮಾತ್ರ ಮಾತಾಡುತ್ತದೆ.

"ಮಗು ಬರೋ ಹೊತ್ತಿಗೆ ಒಂದು ನೆಟ್ಟಗಿರೋ ಫೋನ್ ತಗೊಳ್ರೀ, ನೋವು ಶುರುವಾದ್ರೆ ನಾನು ಯಾರನ್ನ ಕರೀಲಿ?" ಅಂದಳು ಅಕ್ಕ.

"ಇದೇ ಇಪ್ಪತ್ತೆಂಟಕ್ಕೆ 'ಹನ್ನೊಂದು' ಬಿಡ್ತಾರಂತೆ. ಈಗ ಹತ್ತು ತಗೊಂಡ್ರೆ ಮೂರ್ಖರ ಪಟ್ಟಿಗೆ ಸೇರ್ತೀವಿ."

ಎಂಟು ಬಂದಾಗ ಒಂಬತ್ತಕ್ಕೆ ಕಾದರಂತೆ, ಒಂಬತ್ತು ಬಂದಾಗ ಹತ್ತಕ್ಕೆ. ಇಂಥ ತಪಸ್ವಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಾರ್ಚ್ ೫, ಬುಧವಾರ

ಭಾವ ಊಟ ಮಾಡುವಾಗ 'ಮುಂದೇನು?' ಎಂಬ ತಾಣವನ್ನು ಪಾರಾಯಣ ಮಾಡುತ್ತಾರೆ. ಇನ್ನೂ ಬಾರದ ಫೋನುಗಳ ಬಗ್ಗೆ ಏನೂ ಗೊತ್ತಿಲ್ಲದವರು ಖಚಿತವಾಗಿ ಬರೆಯುವ ತಾಣ ಅದು. ಹನ್ನೊಂದಕ್ಕೆ ಎಷ್ಟು ಕ್ಯಾಮೆರಾ, ಯಾವ ಸಿಮ್ಮಿನವರು ಮೊದಲು ಕೊಡುತ್ತಾರೆ, ಬದಿಯ ಬಟನ್ ಎಡಕ್ಕೋ ಬಲಕ್ಕೋ. ಒಬ್ಬ ಎಡ ಅಂದರೆ ಇನ್ನೊಬ್ಬ ಅವನ ವಂಶವನ್ನೇ ಜಾಲಾಡುತ್ತಾನೆ. ಭಾವ ಒಂದು ತುತ್ತಿಗೆ ಒಂದು ವದಂತಿ ನಂಚಿಕೊಳ್ಳುತ್ತಾರೆ.

ಇಷ್ಟು ಶ್ರದ್ಧಾವಂತ ಓದುಗರಿರುವಾಗ ನಾನು ಬರೆಯದೆ ಕೂರುವುದು ಸಾಹಿತ್ಯಕ್ಕೆ ಮಾಡುವ ದ್ರೋಹ. ಮಧ್ಯಾಹ್ನ ಅಕ್ಕ ಮಲಗಿದ ಮೇಲೆ 'ಒಳಗಿನವ' ಎಂಬ ಹೆಸರಿನಲ್ಲಿ ಆ ತಾಣ ಪ್ರವೇಶಿಸಿದೆ. ಬರೆದೆ: "ಹೆಚ್ಚು ಹೇಳುವಂತಿಲ್ಲ. ಹನ್ನೊಂದರಲ್ಲಿ ಪಾತಾಳ ಆಂಟೆನಾ ಇರುತ್ತದೆ. ಬಾವಿ, ನೆಲಮಾಳಿಗೆ, ಲಿಫ್ಟಿನ ಗುಂಡಿ, ಎಲ್ಲಿಳಿದರೂ ಸಿಗ್ನಲ್. ಆದರೆ ನೇರಳೆ ಕಂಪನಿಯ ಸಿಮ್ಮಿನಲ್ಲಿ ಮಾತ್ರ. ನನ್ನ ಕೆಲಸ ಹೋದರೂ ಸರಿ, ಸತ್ಯ ಜನರಿಗೆ ತಿಳಿಯಲಿ."

ಜೊತೆಗೊಂದು ಕದ್ದ ಚಿತ್ರ ಬೇಕಲ್ಲ? ಬಚ್ಚಲಿನ ಸೋಪಿನ ಡಬ್ಬಿಯನ್ನು ಬೋರಲು ಹಾಕಿ, ಕೈ ನಡುಗಿಸಿ ಫೋಟೋ ತೆಗೆದೆ. ನೀರು ಸೋರುವ ಮೂರು ತೂತು ಮೂರು ಕ್ಯಾಮೆರಾಗಳಾಗಿ ಬಹಳ ಘನವಾಗಿ ಬಂದಿವೆ.

ಮಾರ್ಚ್ ೬, ಗುರುವಾರ

ರಾತ್ರಿ ಊಟದಲ್ಲಿ ನನ್ನ ಗದ್ಯವನ್ನು ಭಾವ ನನಗೇ ಓದಿ ಹೇಳಿದರು. "ಲಿಫ್ಟಿನ ಗುಂಡಿ" ಎಂಬಲ್ಲಿಗೆ ಬಂದಾಗ ತಟ್ಟೆ ಪಕ್ಕಕ್ಕೆ ಸರಿಸಿ ಆ ಸಾಲನ್ನು ಇನ್ನೊಮ್ಮೆ ಓದಿದರು.

"ನೋಡು ಮಹಾತಾಯಿ, ಇಷ್ಟು ವರ್ಷಕ್ಕೆ ನಮ್ಮಂಥೋರನ್ನ ಒಬ್ರು ನೆನೆಸ್ಕೊಂಡ್ರು. ಒಳಗಿನವರು ಸಾಮಾನ್ಯ ಮನುಷ್ಯ ಅಲ್ಲ."

"ವಯಸ್ಸಾದವರಿರಬೇಕು ಭಾವ. ಬರವಣಿಗೇಲಿ ತೂಕ ಇದೆ" ಅಂದೆ.

"ಹಾಗಾದ್ರೆ ಈಗ ಫೋನ್ ತಗೊಳಲ್ಲ?" ಅಕ್ಕ ಕೇಳಿದಳು.

"ಇಪ್ಪತ್ತೆಂಟು ಇನ್ನೇನು ಬಂತಲ್ಲೇ. ಮಗುಗಿಂತ ಮುಂಚೆ ಫೋನೇ ಬರುತ್ತೆ."

ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಕರವಸ್ತ್ರ ಬಾಯಿಗೆ ತುರುಕಿಕೊಂಡು ನಕ್ಕೆ. ನನ್ನ ಸಾಹಿತ್ಯ ಜೀವನದ ಶ್ರೇಷ್ಠ ದಿನ.

ಮಾರ್ಚ್ ೧೦, ಸೋಮವಾರ

ಭಾವ ಶನಿವಾರವೇ ನೇರಳೆ ಸಿಮ್ಮಿಗೆ ಬದಲಾಗಿದ್ದಾರೆ. "ಕೊನೇ ಗಳಿಗೇಲಿ ನೂಕುನುಗ್ಗಲಾಗುತ್ತೆ" ಎಂಬ ದೂರದೃಷ್ಟಿಯಂತೆ. ಅವರ ಜೊತೆ ಕೆಲಸ ಮಾಡುವ ಗ್ರೀಸಣ್ಣನೂ ಬದಲಾಯಿಸಿದ. (ಅವನ ನಿಜನಾಮ ಅವನ ಹೆಂಡತಿಗೂ ಮರೆತಿರಬಹುದು. ಎಷ್ಟು ತೊಳೆದರೂ ಅವನ ಉಗುರಿನಿಂದ ಗ್ರೀಸು ಹೋಗುವುದಿಲ್ಲ.) ನೇರಳೆಯವರಿಗೆ ಈ ಕಡೆ ಟವರುಗಳೇ ಇಲ್ಲ. ನಮ್ಮ ಮನೆಯೊಳಗೆ ಸಿಗ್ನಲ್ ಬೇಕಾದರೆ ಬಟ್ಟೆ ಒಣಹಾಕುವ ಬಾಲ್ಕನಿಯಲ್ಲಿ ಹೊರಗೆ ಬಾಗಬೇಕು. ಭಾವ ಈಗ ಗುಂಡಿಯಲ್ಲಿದ್ದರೂ ಸಿಗುವುದಿಲ್ಲ, ಗುಂಡಿಯಿಂದ ಹೊರಬಂದರೂ ಸಿಗುವುದಿಲ್ಲ.

ಮಧ್ಯಾಹ್ನ ಅಕ್ಕನಿಗೆ ಹೊಟ್ಟೆ ಹಿಡಿದುಕೊಂಡಿತು. ಮಂಚದ ಕಟ್ಟು ಹಿಡಿದು ನಿಂತುಬಿಟ್ಟಳು. ಭಾವನಿಗೆ ಫೋನು ಮಾಡಿದೆವು. "ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ." ಮತ್ತೆ ಮಾಡಿದೆವು. ಆ ಹೆಂಗಸು ಅದನ್ನೇ ಹೇಳಿದಳು. ಅವರ ಆಫೀಸಿಗೆ ಮಾಡಿದರೆ ಅಲ್ಲಿನ ಹೆಂಗಸು, "ಬರ್ಕೊಂಡಿದೀನಮ್ಮಾ, ಸಂಜೆ ಬಂದಾಗ ಹೇಳ್ತೀನಿ" ಅಂದಳು.

ನೋವು ತಾನಾಗಿಯೇ ಹೋಯಿತು. ಸುಳ್ಳುನೋವು ಅಂತೆ, ಹೀಗೆ ಬರುತ್ತಿರುತ್ತದಂತೆ. ಭಾವ ಸಂಜೆ ಶಿಳ್ಳೆ ಹಾಕುತ್ತಾ ಬಂದರು. ಅಕ್ಕ ಜಗಳವಾಡಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ನಾನು ಮಾಡಿದ ಚಹಾ ಇವತ್ತು ಚೆನ್ನಾಗಿರಲಿಲ್ಲ. ಇದು ಇತಿಹಾಸಕ್ಕೆ ಅಷ್ಟೇನೂ ಮುಖ್ಯವಲ್ಲ.

ಮಾರ್ಚ್ ೧೧, ಮಂಗಳವಾರ

ಒಳಗಿನವರು ಇಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿದರು: "ಪಾತಾಳ ಆಂಟೆನಾ ಶುದ್ಧ ಸುಳ್ಳು. ಚಿತ್ರದಲ್ಲಿರುವುದು ಸೋಪಿನ ಡಬ್ಬಿ. ಯಾರೂ ಕಾಯಬೇಡಿ, ಬೇಕಾದವರು ಹತ್ತನ್ನೇ ತೆಗೆದುಕೊಳ್ಳಿ."

ಅರ್ಧ ಗಂಟೆಯಲ್ಲಿ ತಾಣ ಹೊತ್ತಿ ಉರಿಯಿತು. "ಒಳಗಿನವರ ಬಾಯಿ ಮುಚ್ಚಿಸಿದ್ದಾರೆ!" "ಇದು ಅವರ ಶೈಲಿಯೇ ಅಲ್ಲ." ಒಬ್ಬ ಸೋಪಿನ ಡಬ್ಬಿಗಳ ಬಗ್ಗೆ ದೀರ್ಘ ಅಧ್ಯಯನ ನಡೆಸಿ, ಇಂಥ ಡಬ್ಬಿ ಪ್ರಪಂಚದಲ್ಲೇ ಇಲ್ಲವೆಂದು ಸಾಧಿಸಿದ. ಇನ್ನೊಬ್ಬನ ಭಾವಮೈದುನ ಕಾರ್ಖಾನೆಯಲ್ಲಿದ್ದಾನಂತೆ, ಪಾತಾಳ ಆಂಟೆನಾವನ್ನು ಕೈಯಾರೆ ಮುಟ್ಟಿದ್ದಾನಂತೆ, ಬೆಚ್ಚಗಿತ್ತಂತೆ.

ಭಾವ ಮಂಕಾಗಿ ಕೂತಿದ್ದರು. "ಪಾಪ, ಆ ಮನುಷ್ಯನ ಕುತ್ತಿಗೆ ಹಿಡಿದು ಬರೆಸಿದಾರೆ."

ನಾನು ಬಚ್ಚಲಿಗೆ ಹೋಗಿ ಸೋಪಿನ ಡಬ್ಬಿಯನ್ನು ಸೋಪಿನ ಸಮೇತ ತಂದು ಅವರ ಮುಂದಿಟ್ಟೆ. "ಭಾವ, ಇದನ್ನ ನೋಡಿ. ಆ ಫೋಟೋ ನೋಡಿ."

ಅವರು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಕಣ್ಣು ಹೊಳೆಯಿತು. "ಅಬ್ಬಾ! ಯಾರಿಗೂ ಅನುಮಾನ ಬರಬಾರದು ಅಂತ ಸೋಪಿನ ಡಬ್ಬಿ ಥರ ಕವಚ ಹಾಕಿ ಪರೀಕ್ಷೆ ಮಾಡ್ತಿದಾರೆ! ನೀನು ಬುದ್ಧಿವಂತೆ ಕಣೆ."

ಮಾರ್ಚ್ ೧೨, ಬುಧವಾರ

ಸೋಪಿನ ಡಬ್ಬಿ ಈಗ ಬಚ್ಚಲಿನಲ್ಲಿಲ್ಲ. ಭಾವ ಅದನ್ನು ಗ್ರೀಸಣ್ಣನಿಗೆ ತೋರಿಸಲು ಒಯ್ದಿದ್ದಾರೆ.

ಮಾರ್ಚ್ ೧೪, ಶುಕ್ರವಾರ

ಹೊತ್ತು ಹೋಗುತ್ತಿರಲಿಲ್ಲ. ಆದ್ದರಿಂದ ಭಾವ ಈ ತಿಂಗಳು ಪೂರ್ತಿ ಕೆಲಸ ಮಾಡುವ ಕಚೇರಿ ಕಟ್ಟಡಕ್ಕೆ ಅಧಿಕೃತ ಭೇಟಿ ನೀಡಿದೆ. ಬೇರೆ ಉದ್ದೇಶವೇನಿಲ್ಲ.

ಹನ್ನೆರಡು ಮಹಡಿ, ಒಂದೇ ಲಿಫ್ಟು, ಅದರ ಹಗ್ಗಗಳನ್ನೆಲ್ಲ ಬದಲಾಯಿಸುತ್ತಿದ್ದಾರೆ. ಮೆಟ್ಟಿಲು ಹತ್ತುವ ಗುಮಾಸ್ತರೆಲ್ಲ ಭಾವನಿಗೆ ಶಾಪ ಹಾಕುತ್ತಾ ಹತ್ತುತ್ತಾರೆ. ಗೇಟಿನ ವಾಚ್‌ಮನ್ ಅಜ್ಜನ ಹತ್ತಿರ ಸಾಧಾರಣ ಬಟನ್ ಫೋನು, ಬೂದು ಸಿಮ್ಮು. ಕಿವಿಗಿಟ್ಟರೆ ಗಂಟೆಯಂತೆ ಕೇಳುತ್ತದೆ. ಅಜ್ಜನ ನಂಬರ್ ತೆಗೆದುಕೊಂಡೆ.

"ನಿಮ್ಮ ಭಾವಂಗೆ ಏನಾದ್ರೂ ಹೇಳ್ಬೇಕಾದ್ರೆ ನಂಗೆ ಫೋನ್ ಮಾಡಮ್ಮ. ನಾನು ಹೋಗಿ ಕೂಗ್ತೀನಿ" ಅಂದ ಅಜ್ಜ.

ಕೂಗಿದರೆ ಸಾಲದು, ಸುರಂಗದಲ್ಲಿ ಮಾತು ಒಡೆದುಹೋಗುತ್ತದೆ ಎಂದು ಗ್ರೀಸಣ್ಣ ವಿವರಿಸಿದ. ಅವನು ಲಿಫ್ಟಿನ ತಲೆಯ ಮೇಲೆ, ಭಾವ ತಳದ ಗುಂಡಿಯಲ್ಲಿ. ಇಬ್ಬರೂ ಲಿಫ್ಟು ಜಾರುವ ಕಬ್ಬಿಣದ ಕಂಬಿಗೆ ಸ್ಪ್ಯಾನರಿನಿಂದ ಬಡಿದು ಮಾತಾಡುತ್ತಾರೆ. ಒಂದು ಬಡಿತ ಅಂದರೆ ನಿಲ್ಲು. ಎರಡು, ಮೇಲೆ. ಮೂರು, ಕೆಳಗೆ. ಬಿಡದೆ ಬಡಿದರೆ, ಎಲ್ಲ ಬಿಟ್ಟು ಹೊರಗೆ ಬಾ.

"ಅಣ್ಣಾ, ಹಾಗಾದ್ರೆ ಈ ಕಂಬೀನೇ ಪಾತಾಳ ಆಂಟೆನಾ ಅಲ್ವಾ?"

"ಏ, ಇದಕ್ಕೆ ಕ್ಯಾಮೆರಾ ಎಲ್ಲಿದೆ?" ಅಂದ ಗ್ರೀಸಣ್ಣ.

ಮಾರ್ಚ್ ೧೭, ಸೋಮವಾರ

ಯಾವ ವ್ಯವಸ್ಥೆಯನ್ನೂ ಪರೀಕ್ಷಿಸದೆ ನಂಬಬಾರದು. ಇಂದು ಹನ್ನೊಂದು ಗಂಟೆಗೆ, ಯಾರಿಗೂ ಮುನ್ಸೂಚನೆ ಕೊಡದೆ, ತಾಲೀಮು ನಡೆಸಿದೆ. ಕಟ್ಟಡದ ಎದುರಿನ ಅಂಗಡಿ ಕಟ್ಟೆಯ ಮೇಲೆ ಕೂತು ಅಜ್ಜನಿಗೆ ಫೋನು ಮಾಡಿದೆ: "ಅಜ್ಜಾ, ಅಕ್ಕನಿಗೆ ನೋವು ಶುರುವಾಗಿದೆ, ಭಾವನ್ನ ಕರೀರಿ!" ದನಿಗೆ ಸಾಕಷ್ಟು ಕಂಪನ, ನಡುವೆ ಒಂದು ಬಿಕ್ಕಳಿಕೆ. ರಂಗಭೂಮಿಗೆ ನಾನು ಹೋಗದಿದ್ದುದು ಅದರ ದುರ್ದೈವ.

ಅಜ್ಜ ಕೋಲು ಬಿಟ್ಟು ಓಡಿದ. ಕಂಬಿಯ ಬಡಿತ ರಸ್ತೆಯವರೆಗೆ ಕೇಳಿಸಿತು. ನಾಲ್ಕೈದು ನಿಮಿಷದಲ್ಲಿ ಭಾವ ಹೊರಗೆ ಬಂದರು, ಮುಖವೆಲ್ಲ ಮಸಿ, ಒಂದು ಕಾಲಿಗೆ ಬೂಟು ಇರಲಿಲ್ಲ. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. "ತಾಲೀಮು ಯಶಸ್ವಿ ಭಾವ!"

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತರು. ಸ್ಪ್ಯಾನರ್ ಇನ್ನೂ ಕೈಯಲ್ಲಿತ್ತು, ಕೆಳಗಿಡುವುದು ಅವರಿಗೆ ಮರೆತೇಹೋಗಿತ್ತು.

"ಇನ್ನೊಂದ್ಸಲ ಹೀಗೆ ಮಾಡ್ಬೇಡಮ್ಮ" ಅಂದರು. ಯಾವಾಗಿನಂತೆ ಮಹಾತಾಯಿ ಅನ್ನಲಿಲ್ಲ.

ಹಿಂದಿನಿಂದ ಏದುಸಿರು ಬಿಡುತ್ತಾ ಬಂದ ಅಜ್ಜ ಮಾತ್ರ ನಾನು ಹುಟ್ಟಿದ ದಿನದಿಂದ ಶುರುಮಾಡಿ ಬೈದ.

ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಖಚಿತವಾಯಿತು. ಖುಷಿಪಡಬೇಕಾದ ವಿಷಯ.

ಮಾರ್ಚ್ ೧೮, ಮಂಗಳವಾರ

ಬರೆಯುವಂಥದ್ದೇನಿಲ್ಲ. ಭಾವನ ಬೂಟು ತೊಳೆದೆ.

ಮಾರ್ಚ್ ೨೨, ಶನಿವಾರ

ಕೆಳಮನೆಯ ನಿವೃತ್ತ ಟೀಚರು ಬಂದಿದ್ದರು. ಅವರ ಹತ್ತಿರ ಅವರಷ್ಟೇ ಶಿಸ್ತಿನ ಒಂದು ಹಳೇ ಕಾರಿದೆ. ಹೊತ್ತು ಬಂದಾಗ ಆಸ್ಪತ್ರೆಗೆ ತಾವೇ ಕರೆದೊಯ್ಯುವುದಾಗಿ ಹೇಳಿದರು. ಆಮೇಲೆ ಅಕ್ಕನ ಹೊಟ್ಟೆಯನ್ನು ಕನ್ನಡಕ ಏರಿಸಿ ನೋಡಿ, "ಗಂಡು. ಹೊಟ್ಟೆ ಮುಂದಕ್ಕಿದೆ" ಅಂದರು. ಫೋನಿನಲ್ಲಿ ಅಮ್ಮ, "ಹೆಣ್ಣು. ನಡಿಗೆ ನಿಧಾನ ಆಗಿದೆ" ಅಂದಳು, ನಡಿಗೆಯನ್ನು ನೋಡದೆಯೇ. ಭಾವನ ಪ್ರಕಾರ ಏಪ್ರಿಲ್ ಎರಡು, ಟೀಚರ ಪ್ರಕಾರ ಆರು. ತೂಕ, ಬಣ್ಣ, ಮೂಗು ಯಾರದು ಎಂಬ ಬಗ್ಗೆಯೂ ಖಚಿತ ಮಾಹಿತಿಗಳು ಹರಿದುಬಂದವು. 'ಮುಂದೇನು?' ತಾಣದವರು ಇಲ್ಲಿ ಬಂದು ತರಬೇತಿ ಪಡೆಯಬಹುದು.

ನನ್ನನ್ನೂ ಕೇಳಿದರು. ಗೊತ್ತಿಲ್ಲ ಅಂದೆ. ಅಕ್ಕ ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವಿದೆಯೇ ಎಂದು.

ಅವಳ ಕಾಲು ಊದಿಕೊಂಡಿದೆ. ನನ್ನ ದಿಂಬನ್ನು ಅದರ ಕೆಳಗಿಟ್ಟಿದ್ದೇನೆ. ನನಗೇನೂ ದಿಂಬಿನ ಅಭ್ಯಾಸವಿಲ್ಲ.

ಮಾರ್ಚ್ ೨೬, ಬುಧವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸಂಜೆ.

ಬೆಳಿಗ್ಗೆ ಭಾವ ಕೆಲಸಕ್ಕೆ ಹೋಗಿ ಸ್ವಲ್ಪ ಹೊತ್ತಾಗಿತ್ತು. ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು, "ಲೇ, ನೀರು ಹೋಗ್ತಿದೆ" ಅಂದಳು. ನಲ್ಲಿ ಬಿಟ್ಟು ಬಂದಿದ್ದೇನೆ ಅಂದುಕೊಂಡು ಬಚ್ಚಲಿಗೆ ಓಡಿದೆ. ನಲ್ಲಿ ಮುಚ್ಚಿತ್ತು. ತಿರುಗಿ ನೋಡಿದಾಗ ತಿಳಿಯಿತು.

ಟೀಚರು ಕಾರು ಹೊರಗೆ ತಂದರು. ನಾನು ಅಜ್ಜನಿಗೆ ಫೋನು ಮಾಡಿದೆ.

"ಅಜ್ಜಾ, ಅಕ್ಕನಿಗೆ ನೋವು ಬಂದಿದೆ, ಭಾವನ್ನ ಕರೀರಿ."

"ಏನಮ್ಮಾ, ಇವತ್ತೂ ತಾಲೀಮಾ? ಹೋದ್ಸಲ ಓಡಿದ್ದಕ್ಕೆ ಇನ್ನೂ ನನ್ನ ಸೊಂಟ ಹಿಡ್ಕೊಂಡಿದೆ."

"ಅಜ್ಜಾ, ನಿಜವಾಗ್ಲೂ."

"ಅವತ್ತೂ ನಿಜವಾಗ್ಲೂನೇ ಇತ್ತು" ಅಂದು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ಅಕ್ಕ ಕಾರಿನಲ್ಲಿ ಕೂತು ನನ್ನ ಕೈ ಹಿಡಿದಿದ್ದಳು. "ನೀನು ಹೋಗಿ ಅವರನ್ನ ಕರ್ಕೊಂಡ್ ಬಾ. ಟೀಚರ್ ಇದಾರೆ ನಂಗೆ. ನಂಗೆ ಅವರು ಬೇಕು ಕಣೆ" ಅಂದಳು. ಅವಳು ಕೈ ಬಿಟ್ಟಾಗ ನನ್ನ ಅಂಗೈಯಲ್ಲಿ ಉಗುರಿನ ಗುರುತಿತ್ತು.

ಬಸ್ಸಿಗೆ ಕಾಯಲಿಲ್ಲ. ಓಡಿದೆ. ಗೇಟಿನಲ್ಲಿ ಅಜ್ಜ ಕೋಲು ಅಡ್ಡ ಹಿಡಿದ. ಕೋಲಿನ ಕೆಳಗೆ ನುಸುಳಿದೆ. "ಏ ಹುಡ್ಗೀ!" ಎಂದು ಅಜ್ಜ ಹಿಂದೆ ಬಂದ. ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲು ಅರ್ಧ ತೆರೆದಿತ್ತು, ಅಡ್ಡಲಾಗಿ ಹಲಗೆ ಕಟ್ಟಿದ್ದರು. ಒಳಗೆ ಕತ್ತಲು, ತಳದಲ್ಲಿ ಒಂದು ಬಲ್ಬು.

"ಭಾವಾ!"

ಬಲ್ಬು ಅಲುಗಿತು. "ಯಾರದು? ನೀನಾ? ಏನು, ತಾಲೀಮಾ?"

ಹೇಳಲು ನನ್ನ ಹತ್ತಿರ ಎಷ್ಟೊಂದು ಮಾತಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಆಣೆ ಹಾಕುವುದು, ಡಾಕ್ಟರ ಹೆಸರು ಹೇಳುವುದು, ಟೀಚರಿಗೆ ಫೋನು ಮಾಡಿ ಸಾಕ್ಷಿ ಹೇಳಿಸುವುದು. ಬಾಯಿ ತೆರೆದೆ.

"ಅಕ್ಕ," ಅಂದೆ. "ಅಕ್ಕ, ಕಾರು... ನೀವು ಬೇಕಂತೆ. ನೀರು. ಭಾವ, ಅಕ್ಕ..."

ಹಲಗೆ ಹಿಡಿದು ನಿಂತೆ. ಹಿಂದೆ ಬಂದ ಅಜ್ಜ ಕೋಲು ಕೆಳಗಿಳಿಸಿದ.

ಕೆಳಗಿನಿಂದ ಭಾವ ಕಂಬಿ ಬಡಿಯತೊಡಗಿದರು, ಬಿಡದೆ, ಇಡೀ ಕಟ್ಟಡ ಗಂಟೆಯ ಹಾಗೆ ಮೊಳಗಿತು. ಮೇಲಿನಿಂದ ಗ್ರೀಸಣ್ಣ, "ಬಂದೆ, ಬಂದೇ!" ಎಂದು ಅರಚಿದ. ಭಾವ ಏಣಿ ಹತ್ತಿ ಹಲಗೆಯ ಕೆಳಗಿನಿಂದ ತಲೆ ಹೊರಹಾಕಿದರು.

ಗ್ರೀಸಣ್ಣನ ಸ್ಕೂಟರು ತೆಗೆದುಕೊಂಡೆವು. ಅಜ್ಜ ಗೇಟನ್ನು ಪೂರ್ತಿ ತೆರೆದು, ರಸ್ತೆಗಿಳಿದು, ಎರಡೂ ಕಡೆಯ ವಾಹನಗಳಿಗೆ ಕೋಲು ತೋರಿಸಿ ನಿಲ್ಲಿಸಿದ. ಸಿಗ್ನಲ್ಲಿನಲ್ಲಿ ನಿಂತಾಗ ನಾನು ಕೇಳಿದೆ:

"ಭಾವ, ಹೇಗೆ ನಂಬಿದ್ರಿ?"

"ನೀನು ಸುಳ್ಳು ಹೇಳೋವಾಗ ಎಷ್ಟು ಚೆನ್ನಾಗಿ ಮಾತಾಡ್ತೀಯ! ಇವತ್ತು ಒಂದು ವಾಕ್ಯನೂ ನೆಟ್ಟಗೆ ಬರ್ಲಿಲ್ಲ" ಅಂದರು.

ಅವರು ವಾರ್ಡಿನ ಬಾಗಿಲಿಗೆ ಹೋದಾಗ ನರ್ಸು ಆ ಮಸಿ ಮುಖ ನೋಡಿ, "ಯಾರು ಬೇಕು? ಲಿಫ್ಟ್ ಆ ಕಡೆ" ಅಂದಳು. ಒಳಗಿನಿಂದ ಅಕ್ಕ, "ರೀ!" ಎಂದು ಕೂಗಿದಳು. ಕೈ, ಮುಖ ಎರಡೆರಡು ಸಲ ತೊಳೆಸಿ ಒಳಗೆ ಬಿಟ್ಟರು. ನಾಲ್ಕು ಗಂಟೆ ಹೊತ್ತಿಗೆ ಮಗು ಹುಟ್ಟಿತು. ಹೆಣ್ಣು. ಇಬ್ಬರೂ ಚೆನ್ನಾಗಿದ್ದಾರೆ.

ಮಾರ್ಚ್ ೨೮, ಶುಕ್ರವಾರ

ಹನ್ನೊಂದು ಬಿಡುಗಡೆಯಾಯಿತಂತೆ. ಆಸ್ಪತ್ರೆಗೆ ಮಗು ನೋಡಲು ಬಂದ ಗ್ರೀಸಣ್ಣ ಹೇಳಿದ. ಪಾತಾಳ ಆಂಟೆನಾ ಇಲ್ಲ. ಕೊನೇ ಗಳಿಗೆಯಲ್ಲಿ ಕಿತ್ತುಹಾಕಿದ್ದಾರೆಂದು ತಾಣದಲ್ಲಿ ಪ್ರತಿಭಟನೆ ನಡೆದಿದೆ. ಒಳಗಿನವರಿಗಾಗಿ ಒಂದು ನಿಮಿಷ ಮೌನ ಆಚರಿಸಿದರಂತೆ. ನೇರಳೆಯವರು ಹನ್ನೊಂದನ್ನು ಮಾರುವುದೇ ಇಲ್ಲವಂತೆ.

ಭಾವ ಕೇಳಿಸಿಕೊಂಡರೋ ಇಲ್ಲವೋ. ಮಗುವಿನ ಬಟ್ಟೆ ಮಡಚುತ್ತಿದ್ದರು. ಬೆಳಿಗ್ಗೆಯೇ ಹೋಗಿ ಬೂದು ಸಿಮ್ಮಿನ ಒಂದು ಬಟನ್ ಫೋನು ತಂದಿದ್ದಾರೆ, ವಾಚ್‌ಮನ್ ಅಜ್ಜನದೇ ಥರದ್ದು. ಅಕ್ಕ ಅದಕ್ಕೆ ಈಗಾಗಲೇ ಐದಾರು ಸಲ ಕರೆ ಮಾಡಿದ್ದಾಳೆ, ಮಂಚದ ಮೇಲಿಂದ, ಪಕ್ಕದಲ್ಲಿ ಕೂತ ಭಾವನಿಗೇ.

ಮಾರ್ಚ್ ೩೦, ಭಾನುವಾರ

ಮಗುವನ್ನು ಮನೆಗೆ ಕರೆತಂದೆವು. ಅಕ್ಕ ಅವಳಿಗೆ ಒಬ್ಬೊಬ್ಬರನ್ನೇ ತೋರಿಸಿ ಪರಿಚಯ ಮಾಡಿಸಿದಳು. ನನ್ನ ಸರದಿ ಬಂದಾಗ, "ಇವಳು ನಿನ್ನ ಚಿಕ್ಕಮ್ಮ. ಇವಳು ಏನು ಹೇಳಿದ್ರೂ ನಂಬಬೇಡ ಪುಟ್ಟಾ" ಅಂದಳು.

"ಒಂದೊಂದ್ಸಲ ನಂಬಬಹುದು" ಅಂದರು ಭಾವ, ಬಾಗಿಲ ಹತ್ತಿರದಿಂದ.

ಎಲ್ಲರೂ ಊಟಕ್ಕೆ ಹೋಗಿದ್ದಾರೆ. ಮಗು ನನ್ನ ಪಕ್ಕದಲ್ಲಿದೆ. ಯಾವ ವಿಚಾರಣೆಯನ್ನೂ ನಡೆಸದೆ ನನ್ನ ಬಲಗೈ ತೋರುಬೆರಳನ್ನು ವಶಪಡಿಸಿಕೊಂಡು ನಿದ್ದೆ ಹೋಗಿದೆ. ಬಿಡಿಸಿಕೊಂಡರೆ ಎಚ್ಚರವಾಗುತ್ತದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಇತಿಹಾಸಕಾರರು ಸುಧಾರಿಸಿಕೊಂಡು ಓದಬೇಕು, ಸದ್ದು ಮಾಡದೆ.